ಗಾಜಿನಾಚೆಯ ಚಂದ್ರ

ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ 1978ರಲ್ಲಿ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಕಪ್ಪು ಬಿಳುಪಿನ ಆಟ. ಆದರೆ ಆಳೆತ್ತರದ ಪೆಟ್ಟಿಗೆಯ ಮುಂದೆ ನಿಂತು ಅದನ್ನು ಆಡಿದವರಿಗೆ ಕಂಡದ್ದು ಬೇರೆಯೇ ಲೋಕ. ಹಿಂದೆ ನಕ್ಷತ್ರ ತುಂಬಿದ ಆಕಾಶ, ಒಬ್ಬ ಚಂದ್ರ. ಅದರ ಮುಂದೆ ಬಯಲಲ್ಲಿ ತೇಲುತ್ತಾ ಸಾಲುಸಾಲಾಗಿ ಕೆಳಗಿಳಿಯುವ ಆಕ್ಟೋಪಸ್ಸುಗಳು, ಏಡಿಗಳು. ಆಕಾಶವೆಂದರೆ ಬಣ್ಣ ಬಳಿದ ಹಿನ್ನೆಲೆ, ಚಂದ್ರನೆಂದರೆ ಕತ್ತರಿಸಿದ ಪ್ಲಾಸ್ಟಿಕ್. ಪರದೆ ಆಡುವವನ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿತ್ತು. ಓರೆಯಾಗಿ ನಿಲ್ಲಿಸಿದ ಒಂದು ಅರೆಗನ್ನಡಿ ಆ ಪರದೆಯನ್ನು ತಂದು ಚಂದ್ರನ ಮುಂದೆ ಹಿಡಿಯುತ್ತಿತ್ತು. ನನ್ನನ್ನು ಮರಗೆಲಸಕ್ಕೆ ಎಳೆದದ್ದು ಈ ಅರೆಗನ್ನಡಿಯೇ. ಅದುವರೆಗೆ ನಾನು ಜಿಗ್‌ಸಾ ಕೈಯಲ್ಲಿ ಹಿಡಿದವನಲ್ಲ.

18 ಮಿ.ಮೀ. ಪ್ಲೈವುಡ್ಡಿನ ಎರಡು ಪಕ್ಕದ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದು ಒಟ್ಟಿಗೇ ಕೊಯ್ದರೆ ಎರಡೂ ಒಂದೇ ಆಕಾರಕ್ಕೆ ಬರುತ್ತವೆ ಎಂದು ತೋರಿಸಿಕೊಟ್ಟವರು ನಮ್ಮ ಬೀದಿಯ ಬಡಗಿ. ಅರ್ಧ ಜೋಡಿಸಿದ್ದನ್ನು ನೋಡಿ, “ದೇವ್ರ ಮಂಟಪಾನಾ ಸಾರ್?” ಎಂದರು. “ಅಲ್ಲಣ್ಣ, ಆಟ ಆಡೋ ಪೆಟ್ಟಿಗೆ” ಎಂದೆ. ಅವರು ಬಗ್ಗಿ ಖಾಲಿ ಒಳಭಾಗವನ್ನು ನೋಡಿದರು. “ಇಷ್ಟು ದೊಡ್ಡದರಲ್ಲಿ ಒಳಗೇನು ಕೂರುತ್ತೆ?”

ಹೆಚ್ಚೇನೂ ಇಲ್ಲ. ಅಂಗೈಯಗಲದ ಒಂದು ರಾಸ್‌ಬೆರಿ ಪೈ, ಅದರೊಳಗೆ ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರು ಮಾಡಿದ ‘ಮೇಮ್’ ಎಂಬ ತಂತ್ರಾಂಶ. ಹಳೆಯ ಆಟದ ಯಂತ್ರಗಳ ಚಿಪ್ಪುಗಳು ನಡೆದುಕೊಳ್ಳುತ್ತಿದ್ದ ಹಾಗೆಯೇ ನಡೆದುಕೊಳ್ಳುವುದು ಅದರ ಕೆಲಸ. ಮಿಕ್ಕಿದ್ದು ವೈರು, ಗುಂಡಿಗಳು, ಎಸ್.ಪಿ. ರಸ್ತೆಯಿಂದ ತಂದ ಮೈಕ್ರೊಸ್ವಿಚ್ಚುಗಳು.

ಒಂದು ಸ್ವಿಚ್ಚನ್ನು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಒಳಗೆ ಬಾಗಿಸಿಟ್ಟ ತೆಳುವಾದ ಲೋಹದ ಪಟ್ಟಿ. ಮೇಲಿನ ಮೊಳಕೆಯಷ್ಟು ತುದಿಯನ್ನು ಮೆಲ್ಲಗೆ ಒತ್ತಿದರೆ ಪಟ್ಟಿ ತಾಳಿಕೊಳ್ಳುತ್ತದೆ, ಇನ್ನೂ ತಾಳಿಕೊಳ್ಳುತ್ತದೆ. ಒಂದು ಮಟ್ಟ ದಾಟಿದ್ದೇ ತಡ, ಟಕ್ಕನೆ ಮಗುಚಿ ಇನ್ನೊಂದು ಬದಿಗೆ ತಾಗುತ್ತದೆ. ಎಷ್ಟೇ ನಿಧಾನವಾಗಿ ಒತ್ತಿ, ಆ ಜಿಗಿತ ಮಾತ್ರ ನಿಧಾನವಾಗುವುದಿಲ್ಲ. ಒತ್ತಲೋ ಬೇಡವೋ ಎಂದು ಅನುಮಾನಿಸುವ ಬೆರಳು ಹೊರಗೆ; ಒಳಗೆ ‘ಹೌದು’ ಅಥವಾ ‘ಇಲ್ಲ’, ಎರಡರ ನಡುವೆ ನಿಲ್ಲಲು ಜಾಗವೇ ಇಲ್ಲ. ಇಷ್ಟು ಸಣ್ಣ ಜಾಗದಲ್ಲಿ ಮನುಷ್ಯನ ಇಷ್ಟವು ಯಂತ್ರಕ್ಕೆ ತಿಳಿಯುವ ಸಂಗತಿಯಾಗಿ ಮಾರ್ಪಡುತ್ತದೆ. ಆಟದ ಪೆಟ್ಟಿಗೆಯಲ್ಲಿ ನನಗೆ ತೀರಾ ಪ್ರಿಯವಾದ ಭಾಗ ಇದೇ.

ಒಳಗಿನದನ್ನೆಲ್ಲ ಹೀಗೆ ಕೈಯಾರೆ ಜೋಡಿಸಿದವನಿಗೆ ಬೆರಗು ಉಳಿದೀತೇ ಎಂಬ ಅಳುಕು ನನಗಿತ್ತು. ಗೊತ್ತಿಲ್ಲದ್ದರಿಂದ ಹುಟ್ಟುವ ಬೆರಗು ಉತ್ತರ ಸಿಕ್ಕೊಡನೆ ಮುಗಿಯುವುದು ಸಹಜ. ಆದರೆ ಈ ಆಟದ ವೇಗವನ್ನೇ ನೋಡಿ. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಜೀವಿಗಳು. ಇಂಟೆಲ್ 8080 ಚಿಪ್ಪಿನ ಆ ಯಂತ್ರ ಪರದೆಯ ಚಿತ್ರ ಒಂದು ಸಲ ಹೊಸದಾಗುವಾಗ ಒಂದೇ ಒಂದು ಜೀವಿಯನ್ನು ಸರಿಸುತ್ತದೆ. ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗುತ್ತದೆ. ಹಾಗಾಗಿ ಇಡೀ ದಂಡು ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡು ಹಿಡಿಯುತ್ತದೆ. ಹೊಡೆದುರುಳಿಸಿದಷ್ಟೂ ಸರದಿ ಚಿಕ್ಕದಾಗುತ್ತದೆ, ಉಳಿದವು ಚುರುಕಾಗುತ್ತವೆ. ಕೊನೆಗೆ ಉಳಿದ ಒಂಟಿ ಜೀವಿಗೆ ಪ್ರತಿ ಚಿತ್ರದಲ್ಲೂ ತನ್ನದೇ ಸರದಿ. ಅದು ಹುಚ್ಚು ಹಿಡಿದ ಹಾಗೆ ಓಡುತ್ತದೆ. ಯಂತ್ರದ ಮಿತಿಯಿಂದಾದ ಈ ಓಟವನ್ನು ನಿಶಿಕಾಡೊ ತಿದ್ದದೆ ಹಾಗೆಯೇ ಉಳಿಸಿಕೊಂಡರು. ಅದು ಅವರ ಅತಿ ದೊಡ್ಡ ನಿರ್ಧಾರವೆಂದು ನನಗೆ ತೋರುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಆದರೂ ಕೊನೆಯದೊಂದು ಉಳಿದಾಗ, ಜೊತೆಗಾರರನ್ನು ಕಳೆದುಕೊಂಡ ಸಿಟ್ಟಿನಿಂದಲೇ ಅದು ಓಡುತ್ತಿದೆ ಎನ್ನಿಸುತ್ತದೆ, ನನ್ನ ಅಂಗೈ ಬೆವರುತ್ತದೆ. ತಿಳಿವಳಿಕೆ ಒಂದು ಕಡೆ ಸುಮ್ಮನೆ ಕೂತಿರುತ್ತದೆ. ಅದು ಅಡ್ಡ ಬರುವುದಿಲ್ಲ.

ಗಾಜಿನದೂ ಇದೇ ಕತೆ. ರಾತ್ರಿ ಬಸ್ಸಿನಲ್ಲಿ ದೀಪ ಹಾಕಿದಾಗ ಕಿಟಕಿಯಾಚೆಯ ಕತ್ತಲ ಹೊಲಗಳ ಮೇಲೆ ನಮ್ಮದೇ ಸೀಟು, ನಮ್ಮದೇ ಮುಖ ತೇಲಿಹೋಗುವುದಿಲ್ಲವೇ, ಅದೇ ಇದು. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಇದೇ ಉಪಾಯದಿಂದ ರಂಗದ ಮೇಲೆ ದೆವ್ವ ತರಿಸಿದ್ದರು. ಬರೀ ಗಾಜು ಇಟ್ಟರೆ ಅದರ ಮುಂದಿನ ಮೈ, ಹಿಂದಿನ ಮೈ ಎರಡೂ ಪ್ರತಿಫಲಿಸಿ ಅಂಚುಗಳು ಜೋಡಿಯಾಗಿ ಕಾಣುತ್ತವೆ. ಅದಕ್ಕೆ ಮುಂದಿನ ಮೈಗೆ ಕನ್ನಡಿ ಫಿಲ್ಮ್ ಅಂಟಿಸಬೇಕು. ಕನ್ನಡಿಯಲ್ಲಿ ಅಕ್ಷರಗಳು ತಿರುವುಮುರುವಾಗುವುದರಿಂದ ಪರದೆಯ ಚಿತ್ರವನ್ನೇ ಮೊದಲು ಮಗುಚಿಡಬೇಕು. ಪರದೆಯಿಂದ ಗಾಜಿಗೆ ಎಷ್ಟು ದೂರವೋ ಗಾಜಿನಾಚೆ ಅಷ್ಟೇ ದೂರದಲ್ಲಿ ಬಿಂಬ ನಿಲ್ಲುತ್ತದೆ. ಟೇಪು ಹಿಡಿದು ಅಳೆದು, ಅಲ್ಲಿಗಿಂತ ನಾಲ್ಕು ಬೆರಳು ಹಿಂದಕ್ಕೆ, ನನ್ನ ಅಕ್ಕ ಬಿಡಿಸಿಕೊಟ್ಟ ಚಂದ್ರನ ಹಲಗೆ ನಿಲ್ಲಿಸಿದೆ. ಅದರ ಕುಳಿಗಳಿಗೆ ಮೇಲಿನಿಂದ ಒಂದು ಎಲ್‌ಇಡಿ ಪಟ್ಟಿಯ ಬೆಳಕು.

ಸ್ವಿಚ್ ಹಾಕಿದೆ. ಬಿಂಬ ನಿಲ್ಲುವ ಜಾಗದಲ್ಲಿ ಇರುವುದು ಬರೀ ಗಾಳಿ ಎಂಬುದನ್ನು ನಾನೇ ಅಳೆದಿದ್ದೆ. ಆ ಬರೀ ಗಾಳಿಯಲ್ಲಿ 55 ಜೀವಿಗಳು ಚಂದ್ರನ ಮುಂದೆ ಬಂದು ನಿಂತವು. ನಾನು ತಲೆಯನ್ನು ಎಡಕ್ಕೆ ಸರಿಸಿದರೆ ಚಂದ್ರ ಅವುಗಳ ಹಿಂದಿನಿಂದ ಎಡಕ್ಕೆ ಇಣುಕುತ್ತಿದ್ದ, ಬಲಕ್ಕೆ ಸರಿಸಿದರೆ ಬಲಕ್ಕೆ. ನಡುವೆ ನಿಜವಾಗಿ ದೂರವಿತ್ತು. ನನ್ನ ಲೆಕ್ಕದ ಪ್ರಕಾರವೇ ಎಲ್ಲವೂ ನಡೆಯುತ್ತಿತ್ತು. ಹಾಗೆ ನಡೆದದ್ದೇ ನಂಬಲಾಗದಂತಿತ್ತು.

ಅಕ್ಕನ ಮಕ್ಕಳು ಬಂದ ದಿನ ಚಿಕ್ಕವನಿಗೆ ಚಂದ್ರ ಎಲ್ಲಿದ್ದಾನೆಂದು ನೋಡಲೇಬೇಕಾಯಿತು. ಹಿಂಬದಿಯ ಹಲಗೆ ತೆಗೆದು ತೋರಿಸಿದೆ: ಮಲಗಿದ ಪರದೆ, ಓರೆ ಗಾಜು, ಅವರಮ್ಮ ಬರೆದ ಚಂದ್ರ. ಮುಚ್ಚಿಟ್ಟದ್ದು ಏನೂ ಉಳಿಯಲಿಲ್ಲ. ಅವನು ಗಾಜಿಗೂ ಚಂದ್ರನಿಗೂ ನಡುವೆ ಕೈ ತೂರಿಸಿದ. ಮುಂದೆ ನಿಂತಿದ್ದ ಅವನ ಅಕ್ಕ ಕಿರುಚಿದಳು: “ಮಾಮಾ, ಏಡಿಗಳೆಲ್ಲ ಅವನ ಕೈ ಮೇಲೆ ನಡೀತಿವೆ!” ಅವನಿಗೆ ಹಿಂದಿನಿಂದ ತನ್ನ ಖಾಲಿ ಕೈ ಬಿಟ್ಟು ಬೇರೇನೂ ಕಾಣದು. “ಎಲ್ಲಿ? ಎಲ್ಲಿವೆ?” ಎಂದು ಕೈಯನ್ನು ಅಲ್ಲೇ ಇಟ್ಟುಕೊಂಡು ಕತ್ತು ಚಾಚಿದ. “ಅಲ್ಲಾಡಿಸಬೇಡ, ಹಾಗೇ ಇರು” ಎಂದಳು ಅವಳು. ಆಮೇಲೆ ಜಾಗ ಅದಲುಬದಲಾಯಿತು. ಅವಳ ಕೈ ಒಳಗೆ, ಅವನು ಮುಂದೆ. ಆಡುವವರಿಲ್ಲದೆ ಆ ಸುತ್ತಿನ ಆಟ ಸೋತೇ ಹೋಯಿತು, ಇಬ್ಬರೂ ಲೆಕ್ಕಿಸಲಿಲ್ಲ. ಒಬ್ಬರಾದರೂ ಸ್ವಲ್ಪ ಆಚೆ ಸರಿದರೆ ನನ್ನ ಕೈಯನ್ನೂ ಇಡೋಣವೆಂದು ನಾನು ಕಾಯುತ್ತಿದ್ದೆ.