ಭಂಡಾರದ ಲೆಕ್ಕ, ಮನೆಯ ಲೆಕ್ಕ



ಕಾಯಕವು ಮಾನವನಿಗೆ ಅನ್ನವನ್ನೂ ಕೊಡುತ್ತದೆ, ಮಾನವನ್ನೂ ಕೊಡುತ್ತದೆ. ಆದುದರಿಂದಲೇ ಕಾಯಕವನ್ನು ಬೇಡಿ ಬಾಗಿಲಿಗೆ ಬಂದವನನ್ನು ಏನು ಕೇಳಬಹುದು, ಏನು ಕೇಳಬಾರದು ಎಂಬ ವಿಚಾರವು ಕೇವಲ ಕಚೇರಿಯ ವಿಚಾರವಲ್ಲ. ಅದು ಧರ್ಮವಿಚಾರವೂ ಅಹುದು.

ನಮ್ಮ ಗಡಿಭಾಗದಲ್ಲಿ ಸಾಲ ಕೊಡುವ ಸಂಘಕ್ಕೆ ‘ಪತ್ತಿನ ಸಹಕಾರಿ ಸಂಘ’ವೆಂದು ಹೆಸರು. ಪತ್ತು ಎಂದರೆ ನಂಬಿಕೆ. ಹಿಂದೆ ಒಬ್ಬನ ಪತ್ತನ್ನು ಊರವರು ಅವನ ನಡೆ ನುಡಿಗಳಿಂದ ಅಳೆಯುತ್ತಿದ್ದರು. ಇಂದು ಅದು 300ರಿಂದ 900ರವರೆಗಿನ ಒಂದು ಅಂಕವಾಗಿದೆ. ಜನರು ಅದನ್ನು ಸಿಬಿಲ್ ಸ್ಕೋರ್ ಎನ್ನುತ್ತಾರೆ. ಸಾಲ ಕೊಡುವವನು ಅದನ್ನು ನೋಡುವುದು ಸಹಜ. ಆದರೆ ಈಗ ನೌಕರಿ ಕೊಡುವವನೂ ಅದನ್ನು ನೋಡತೊಡಗಿದ್ದಾನೆ. ಇತ್ತೀಚಿನ ವರ್ಷಗಳಲ್ಲಿ ಬ್ಯಾಂಕುಗಳ ನೇಮಕಾತಿ ಪ್ರಕಟಣೆಗಳಲ್ಲಿ, ಅಭ್ಯರ್ಥಿಯ ಸಾಲದ ಚರಿತ್ರೆ ಶುದ್ಧವಾಗಿರಬೇಕೆಂಬ ನಿಯಮವು ಸೇರಿಕೊಂಡಿದೆ. 2025ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು, ಹಳೆಯ ಸಾಲಬಾಕಿಯ ಕಾರಣದಿಂದ ಒಬ್ಬ ಅಭ್ಯರ್ಥಿಯ ನೇಮಕವನ್ನು ಸ್ಟೇಟ್ ಬ್ಯಾಂಕು ರದ್ದುಪಡಿಸಿದುದನ್ನು ಎತ್ತಿಹಿಡಿಯಿತು. ಸಾರ್ವಜನಿಕರ ಹಣವನ್ನು ನಿರ್ವಹಿಸುವವನಿಗೆ ಹಣಕಾಸಿನ ಶಿಸ್ತು ಅವಶ್ಯವೆಂಬುದೇ ಅದರ ಆಧಾರ.

ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರಷ್ಟೆ. ಅರಸನ ದ್ರವ್ಯವನ್ನು ಜಂಗಮರಿಗೆ ವೆಚ್ಚ ಮಾಡಿದರೆಂದು ದೂರು ಹುಟ್ಟಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ಭಂಡಾರವನ್ನು ತೆರೆದು ಲೆಕ್ಕವನ್ನು ಒಪ್ಪಿಸಿದರು, ಹೊನ್ನು ಪೂರ್ಣವಾಗಿಯೇ ಇತ್ತು, ಎಂದು ಪುರಾಣಪರಂಪರೆ ಹೇಳುತ್ತದೆ. ಪರರ ಹಣವನ್ನು ಕಾಯುವವನು ಲೆಕ್ಕಕ್ಕೆ ಅಂಜಬಾರದು. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಅವರು ತೆರೆದು ತೋರಿದ್ದು ತಮಗೆ ಒಪ್ಪಿಸಲ್ಪಟ್ಟ ಭಂಡಾರವನ್ನು. ಭಂಡಾರದ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ.

ಮನೆಯ ಲೆಕ್ಕದಲ್ಲಿ ಬಾಕಿ ಹೇಗೆ ಹುಟ್ಟುತ್ತದೆಂಬುದನ್ನು ಮುಗಳಖೋಡ, ರಾಯಬಾಗ, ಅಥಣಿಗಳ ರೈತನಿಗೆ ಬೇರೆ ಹೇಳಬೇಕಾಗಿಲ್ಲ. ಕಬ್ಬು ಕಾರ್ಖಾನೆಗೆ ಹೋದ 14 ದಿನಗಳೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿತು. ಆದರೂ ಬಿಲ್ಲು ತಿಂಗಳುಗಟ್ಟಲೆ ತಡವಾದ ಹಂಗಾಮುಗಳನ್ನು ನಮ್ಮ ಜನ ಕಂಡಿದ್ದಾರೆ. ಮಗನ ಓದಿಗಾಗಿ ತಂದೆ ಮಕ್ಕಳಿಬ್ಬರೂ ಸೇರಿ ಶಿಕ್ಷಣ ಸಾಲ ತೆಗೆದಿದ್ದಾರೆಂದು ಭಾವಿಸೋಣ. ಕಬ್ಬಿನ ಹಣ ಬರಲಿಲ್ಲ, ಮಗನಿಗೆ ಇನ್ನೂ ನೌಕರಿಯಿಲ್ಲ, ಕಂತು ತಪ್ಪಿತು. ಮಗನ ಹೆಸರಿನ ಮುಂದೆ ಕಪ್ಪು ಗುರುತು ಬಿದ್ದಿತು. ಆ ಗುರುತು ‘ಕಂತು ತಪ್ಪಿತು’ ಎಂದಷ್ಟೇ ಹೇಳುತ್ತದೆ. ಏಕೆ ತಪ್ಪಿತೆಂದು ಹೇಳುವುದಿಲ್ಲ. ಜೂಜಾಡಿ ಸೋತವನೂ, ತಾಯಿಯ ಔಷಧಕ್ಕಾಗಿ ವೆಚ್ಚಮಾಡಿದವನೂ ಅಲ್ಲಿ ಸಮಾನರು. ಸಾಲವಿದೆಯೆಂದು ಕಾಯಕವನ್ನು ನಿರಾಕರಿಸಿದರೆ ಅವನು ಸಾಲವನ್ನು ತೀರಿಸುವುದಾದರೂ ಎಂತು? ಬಾವಿಗೆ ಬಿದ್ದವನಿಂದ ಹಗ್ಗವನ್ನು ಕಸಿದಂತಲ್ಲವೆ?

ಹಾಗಾದರೆ ಪರೀಕ್ಷೆಯೇ ಬೇಡವೆ? ಬೇಕು. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಅವರನ್ನು ಎಷ್ಟು ಕಠಿಣವಾಗಿ ಪ್ರಶ್ನಿಸಿದರೆಂಬುದನ್ನು ಶೂನ್ಯಸಂಪಾದನೆಯು ವಿಸ್ತರಿಸಿದೆ. ಆದರೆ ಆ ಪರೀಕ್ಷೆ ಎದುರೆದುರಿಗೆ ನಡೆಯಿತು. ಪ್ರತಿಯೊಂದು ಪ್ರಶ್ನೆಗೂ ಅಕ್ಕನಿಗೆ ಉತ್ತರಿಸುವ ಅವಕಾಶವಿದ್ದಿತು. ಆ ಉತ್ತರವನ್ನು ಕೇಳಿದ ಪ್ರಭುಗಳು ತಲೆದೂಗಿದರು. ಬೆನ್ನ ಹಿಂದೆ ಕಾಗದವನ್ನು ತೆಗೆದು, ಕಾರಣ ಹೇಳದೆ ಬಾಗಿಲು ಮುಚ್ಚುವ ಕ್ರಮಕ್ಕೂ ಇದಕ್ಕೂ ಅಜಗಜಾಂತರವುಂಟು.

ಲೌಕಿಕ ನ್ಯಾಯವೂ ಈ ದಾರಿಯನ್ನೇ ತೋರುತ್ತಿದೆ. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ರಾಜ್ಯವು ಅದರೊಳಗೆ ಕೈಯಿಡಬೇಕಾದರೆ ಕಾನೂನಿನ ಆಧಾರವಿರಬೇಕು, ಯೋಗ್ಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಈ ಅಳತೆಗೋಲನ್ನು ಖಾಸಗಿ ಧಣಿಯೂ ತನ್ನ ಆತ್ಮಸಾಕ್ಷಿಗೆ ಹಿಡಿದು ನೋಡಲಿ. ಖಜಾನೆಯ ಬೀಗದಕೈ ಹಿಡಿಯುವವನಿಗೆ ಕೇಳುವ ಪ್ರಶ್ನೆಯನ್ನು ಗಿರಣಿಯ ಕಾವಲುಗಾರನಿಗೂ ಗುಮಾಸ್ತನಿಗೂ ಏಕೆ ಕೇಳಬೇಕು? ಕೇಳಲೇಬೇಕಾದರೆ ಮುಂಚಿತವಾಗಿ ತಿಳಿಸಿ, ಒಪ್ಪಿಗೆ ಪಡೆದು ಕೇಳಲಿ. ಕಂಡದ್ದನ್ನು ಅವನ ಮುಂದಿಟ್ಟು ಉತ್ತರವನ್ನು ಆಲಿಸಲಿ. ಕೆಲಸ ತೀರಿದ ಮೇಲೆ ಅದನ್ನು ಊರ ಬಾಯಿಗೆ ಹಾಕದಿರಲಿ.

ತರುಣರಿಗೂ ಒಂದು ಮಾತು. ಪ್ರತಿಯೊಂದು ಸಾಲಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ನಿಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಅರ್ಜಿ ಹಾಕುವ ಮೊದಲೇ ಅದನ್ನು ತರಿಸಿ ಓದಿರಿ. ತಪ್ಪಿದ್ದರೆ ಲಿಖಿತವಾಗಿ ತಕರಾರು ಸಲ್ಲಿಸಿರಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ತೀರಿಸಿದ ಸಾಲಕ್ಕೆ ಬಾಕಿಯಿಲ್ಲವೆಂಬ ಪತ್ರವನ್ನು ಜೋಪಾನವಾಗಿಡಿರಿ. ಪಡೆದ ಸಾಲವನ್ನು ಶಕ್ತಿಯಿದ್ದೂ ತೀರಿಸದಿರುವುದು ಶರಣಮಾರ್ಗವಲ್ಲವೆಂಬುದನ್ನೂ ನೆನಪಿಡಿರಿ.

ಬಡವನ ಮನೆಯ ಬಾಕಿಯು ಅವನ ಶೀಲದ ಅಳತೆಯಲ್ಲ. ಕಾಯಕ ಕೊಡುವ ಕೈ ಇದನ್ನು ಅರಿತರೆ, ಕಾಯಕ ಬೇಡುವವನು ತಲೆಯೆತ್ತಿ ನಿಲ್ಲುತ್ತಾನೆ. ಅವನ ಸಾಲವೂ ತೀರುತ್ತದೆ. ಇಂತಹ ಅರಿವು ಎಲ್ಲರಲ್ಲಿಯೂ ಮೂಡಲಿ.