ಅಡಿಯ ಗೀಟು

ಕನ್ನಡಕ ಮಸುಕಾದರೆ ಊರೆಲ್ಲ ಮಂಜು ಕವಿದಂತೆ ಕಾಣುತ್ತದೆ. ಆಗ ಊರನ್ನು ದೂರುವವರುಂಟು, ಕನ್ನಡಕ ಒರಸಿಕೊಳ್ಳುವವರೂ ಉಂಟು. ನಾನು ಎರಡನೆಯ ಗುಂಪಿನವನೆಂದೇ ಬಹುಕಾಲ ನಂಬಿದ್ದೆ.

ಹುಕ್ಕೇರಿಯ ಕಡೆಯ ದಡ್ಡಿಯಿಂದ ಬಂದ ವಿದ್ಯಾರ್ಥಿಯೊಬ್ಬ ತನ್ನೂರನ್ನು ಕುರಿತು ಪ್ರಬಂಧ ಬರೆದು ಕಳುಹಿಸಿದ್ದ. ಗಣಕದ ಪರದೆಯ ಮೇಲೆ ಓದಿದೆ. ‘ದನವೇ ನಮ್ಮ ದನ’ ಎಂದಿತ್ತು. ಮಾತಿನಲ್ಲಿ ಮಹಾಪ್ರಾಣ ಜಾರುವುದು ಸಹಜ, ಬರಹದಲ್ಲಿಯೂ ಜಾರಬೇಕೆ? ಮರುದಿನ ತರಗತಿಯಲ್ಲಿ ಆ ವಾಕ್ಯವನ್ನು ಓದಿ, ದನ ಕಾಯುವವನಿಗೆ ಧನದ ಗೊಡವೆಯೇಕೆ ಎಂದು ಹಾಸ್ಯ ಮಾಡಿದೆ. ತರಗತಿ ನಕ್ಕಿತು. ಹುಡುಗ ತಲೆ ತಗ್ಗಿಸಿದ.

ವಾರ ಕಳೆದ ಮೇಲೆ ಕಿರಿಯ ಸಹೋದ್ಯೋಗಿಯೊಬ್ಬರು ನನ್ನ ಪರದೆಯನ್ನು ಕಂಡು, “ಹೀಗೇಕೆ ಮಬ್ಬಾಗಿದೆ?” ಎಂದರು. ಆ ಪರದೆಯಲ್ಲಿರುವುದು ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಮಿಕ್ಕಿದ ಚುಕ್ಕಿಗಳು. ಅಕ್ಷರ ದೊಡ್ಡದಾಗಿ ಕಾಣಲೆಂದು ನಾನು ಅದನ್ನು 1366ಕ್ಕೆ 768 ಮಾಡಿಕೊಂಡಿದ್ದೆ. ಹತ್ತು ಲಕ್ಷ ಚುಕ್ಕಿಗಳ ಚಿತ್ರವನ್ನು ಇಪ್ಪತ್ತು ಲಕ್ಷದ ಮೇಲೆ ಹಿಗ್ಗಿಸಿದರೆ ಒಂದು ಚುಕ್ಕಿಯ ಬಣ್ಣ ಪಕ್ಕದ್ದಕ್ಕೆ ಹರಡಿ, ಸಣ್ಣ ಗೆರೆಗಳು ಕರಗುತ್ತವೆ. ಸಾಲದುದಕ್ಕೆ ಬೆಳಕನ್ನೂ ಮಿತಿಮೀರಿ ಏರಿಸಿದ್ದೆ. ಅವರು ಚುಕ್ಕಿಗಳ ಲೆಕ್ಕವನ್ನು ಮೊದಲಿನಂತಾಗಿಸಿ, ಅಕ್ಷರದ ಅಳತೆಯನ್ನು ಮಾತ್ರ ಹಿಗ್ಗಿಸಿಕೊಟ್ಟರು. ಪ್ರಬಂಧವನ್ನು ಮತ್ತೆ ತೆರೆದೆ. ‘ದನವೇ ನಮ್ಮ ಧನ.’ ಗೀಟು ತನ್ನ ಜಾಗದಲ್ಲಿಯೇ ಇತ್ತು.

ಯಂತ್ರವನ್ನು ದೂರುವಂತಿಲ್ಲ. 1991ರಲ್ಲಿ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ದಕಾರ ಧಕಾರಗಳಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿದೆ. ಗಣಕಕ್ಕೆ ಆ ಎರಡರಲ್ಲಿ ಗೊಂದಲವೇ ಇಲ್ಲ. ಗೊಂದಲವಿದ್ದದ್ದು ನನ್ನಲ್ಲಿ. ಅದೇ ಸಾಲು ಹೆಸರಾಂತ ವಿದ್ವಾಂಸರೊಬ್ಬರ ಬರಹದಲ್ಲಿ ಬಂದಿದ್ದರೆ ನಾನು ಮೊದಲು ಕಣ್ಣುಜ್ಜಿಕೊಳ್ಳುತ್ತಿದ್ದೆ. ಹಳ್ಳಿಯ ಹುಡುಗನದಾದ್ದರಿಂದ ಕಣ್ಣನ್ನು ಶಂಕಿಸಲೇ ಇಲ್ಲ. ಪರದೆ ಮರೆಸಿದ್ದು ಒಂದು ಗೀಟನ್ನು. ಅದರ ಜಾಗದಲ್ಲಿ ತಪ್ಪನ್ನು ಬರೆದದ್ದು ನನ್ನ ಮನಸ್ಸು.

ನಕ್ಕದ್ದು ತರಗತಿಯ ಎದುರಾದ್ದರಿಂದ ಕ್ಷಮೆಯನ್ನೂ ಅಲ್ಲಿಯೇ ಕೇಳಿದೆ. “ಇರಲಿ ಬಿಡ್ರಿ ಸರ,” ಎಂದ. ಅವನು ಬಿಟ್ಟಷ್ಟು ಸುಲಭವಾಗಿ ನನ್ನಿಂದ ಬಿಡಲಾಗಿಲ್ಲ. ಪರದೆ ಮಬ್ಬಾದರೆ ಪಕ್ಕದವರು ಹೇಳುತ್ತಾರೆ. ಮನಸ್ಸಿನ ಪರದೆಯ ಎದುರು ಕೂರುವವನು ನಾನೊಬ್ಬನೇ. ಇಷ್ಟು ವರ್ಷಗಳಲ್ಲಿ ಇನ್ನೆಷ್ಟು ಮಕ್ಕಳ ಗೀಟುಗಳನ್ನು ಕಾಣದೆ ಅಂಕ ಕಳೆದಿದ್ದೇನೋ!