ಆಟದ ನಡುವೆ ಹೊಸ ನಿಯಮ

ಚದುರಂಗಕ್ಕೆ ಹೊಸ ಕಾಯಿ ಸೇರಿಸಿದರೆ ಆಟವೇ ಕೆಟ್ಟಿತು ಎನ್ನುವವರಿದ್ದಾರೆ. ಆದರೆ ನಾವಿಂದು ಆಡುವ ಮಂತ್ರಿಯೂ ಒಮ್ಮೆ ಹೊಸದೇ. ಹಳೆಯ ಆಟದಲ್ಲಿ ಅದು ಓರೆಯಾಗಿ ಒಂದೇ ಮನೆ ನಡೆಯುತ್ತಿತ್ತು. ಎಂಟು ದಿಕ್ಕಿಗೂ ಓಡುವ ಬಲ ಬಂದದ್ದು 15ನೇ ಶತಮಾನದ ಕೊನೆಯ ಹೊತ್ತಿಗೆ, ಯುರೋಪಿನಲ್ಲಿ. 1920ರ ದಶಕದಲ್ಲಿ ಕ್ಯೂಬಾದ ಕಾಪಾಬ್ಲಾಂಕಾ, ದೊಡ್ಡ ಆಟಗಾರರ ಪಂದ್ಯಗಳೆಲ್ಲ ಡ್ರಾ ಆಗಿಬಿಡುತ್ತವೆಂಬ ಆತಂಕದಿಂದ 80 ಮನೆಗಳ ಹಲಗೆಯನ್ನೂ ಎರಡು ಹೊಸ ಕಾಯಿಗಳನ್ನೂ ಸೂಚಿಸಿದರು. ಒಂದಕ್ಕೆ ಆನೆ ಮತ್ತು ಕುದುರೆಯ ನಡೆ, ಇನ್ನೊಂದಕ್ಕೆ ಒಂಟೆ ಮತ್ತು ಕುದುರೆಯ ನಡೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಆಟಗಳನ್ನೂ ಒಳಗೊಂಡ ಕೌತುಕನಿಧಿ ಎಂಬ ಭಾಗವಿದೆ. ಅಂದಮೇಲೆ ನಿಯಮ ಬದಲಿಸುವುದೇ ತಪ್ಪಲ್ಲ. ಯಾವಾಗ, ಯಾರನ್ನು ಕೇಳಿ ಬದಲಿಸುತ್ತೇವೆ ಎಂಬುದು ಪ್ರಶ್ನೆ.

ವಡೋದರಾದ ನಮ್ಮ ಸೊಸೈಟಿಯ ಮಕ್ಕಳು ಉತ್ತರಾಯಣದ ರಜೆಯಲ್ಲಿ 'ಪತಂಗ್' ಎಂಬ ಕಾಯಿ ಹುಟ್ಟಿಸಿದರು. ಅದು ಮಂತ್ರಿಯ ಹಾಗೆ ಓಡಬಹುದು, ಅಡ್ಡ ಬಂದ ಕಾಯಿಗಳ ಮೇಲೆ ಹಾರಲೂಬಹುದು. ಆದರೆ ಅದರ ದಾರ ಮೊದಲೇ ಗೊತ್ತುಮಾಡಿದ ಒಂದು ಕಾಲಾಳಿನ ಕೈಯಲ್ಲಿ. ಆ ಕಾಲಾಳು ಬಿದ್ದರೆ 'ಕಾಯ್ ಪೋ ಛೇ!' ಪತಂಗವೂ ಹೊರಗೆ.

ಮೂರನೇ ಆಟದಲ್ಲಿ, ಕಾಯಿಯನ್ನು ಯೋಚಿಸಿದ ಹುಡುಗನೇ ಸೋಲತೊಡಗಿದ. "ದಾರ ಬೇರೆ ಕಾಲಾಳಿಗೆ ಕೊಡಬಹುದು" ಎಂದ. ನನ್ನ ಮಗಳು ಬಿಡಲಿಲ್ಲ: "ಮುಂದಿನ ಆಟದಿಂದ ಕೊಡೋಣ, ಇಬ್ಬರಿಗೂ."

ಈ ಮಾತಿನಲ್ಲಿ ಎರಡು ಷರತ್ತುಗಳಿವೆ: ನಿಯಮ ಇಬ್ಬರಿಗೂ ಒಂದೇ ಇರಬೇಕು, ಯಾರಿಗೆ ಲಾಭವೆಂದು ತಿಳಿಯುವ ಮೊದಲೇ ಅದನ್ನು ಒಪ್ಪಿರಬೇಕು. ಕಾಯಿ ಹುಟ್ಟಿಸಿದವನಿಗೂ ಆಟ ಶುರುವಾದ ಮೇಲೆ ಹೆಚ್ಚಿನ ಹಕ್ಕಿಲ್ಲ.

ಆಫೀಸಿಗೆ ಬಂದರೆ ಇದು ಮಕ್ಕಳ ಮಾತಾಗಿ ಉಳಿಯುವುದಿಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಅಪ್ರೈಸಲ್ ಅಳತೆಯನ್ನು ವರ್ಷದ ಕೊನೆಯ ತಿಂಗಳಲ್ಲಿ ಬದಲಿಸಿದರು. ಅಹಮದಾಬಾದ್ ಮತ್ತು ಸೂರತ್ ತಂಡಗಳೆರಡಕ್ಕೂ ನಿಯಮ ಒಂದೇ. ಆದರೆ ಹೊಸ ಅಳತೆಗೆ ಹೊಂದುವ ಕೆಲಸ ಆ ವರ್ಷ ಸಿಕ್ಕಿದ್ದು ಅಹಮದಾಬಾದಿಗೆ ಮಾತ್ರ. ಸಮಾನವಾಗಿತ್ತು, ನ್ಯಾಯವಾಗಿರಲಿಲ್ಲ.

ಹಾಗಾದರೆ ಕೆಟ್ಟ ನಿಯಮವನ್ನು ಆಟ ಮುಗಿಯುವವರೆಗೂ ಸಹಿಸಬೇಕೆ? ಚದುರಂಗದಲ್ಲಿ ಸೋತರೆ ಕಾಯಿ ಜೋಡಿಸಿ ಮತ್ತೆ ಕೂರಬಹುದು. ಮನೆ ಬಾಡಿಗೆ, ಊರಿಗೆ ಕಳಿಸುವ ಹಣ ಮುಂದಿನ ಆಟಕ್ಕೆ ಕಾಯುವುದಿಲ್ಲ. ಆದ್ದರಿಂದ ನಡುವೆಯೇ ಬದಲಿಸಬೇಕಾದ ಸಂದರ್ಭ ಬರುತ್ತದೆ. ಆಗ ನಾನು ಕೇಳುವುದು ಒಂದೇ: ಈ ಬದಲಾವಣೆಯಿಂದ ನಷ್ಟ ಯಾರಿಗೆ? ಬದಲಿಸುವವನು ಆ ನಷ್ಟವನ್ನು ತಾನೇ ಹೊರಲು ಸಿದ್ಧನಿದ್ದರೆ ಅದು ಸುಧಾರಣೆ. ಎದುರಿಗೆ ಕೂತವನ ಮೇಲೆ ಹೊರಿಸಿದರೆ, ಅದಕ್ಕೆ ಏನೇ ಹೆಸರಿಟ್ಟರೂ ಕಾಯಿ ಕದ್ದಂತೆಯೇ.